ಸ್ಪ್ಯಾಮಿಗೆ ಬಿದ್ದ ಅಣ್ಣನ ಮಾತು

ಮಾರ್ಚ್ 3

ಪೀಪಿ,

ಈ ಹೆಸರಲ್ಲಿ ಕರೆದರೆ ನಿನಗೆ ಸಿಟ್ಟು ಬರಬಹುದು. ಬರಲಿ. ತೊಟ್ಟಿಲಲ್ಲಿದ್ದಾಗ ಮನೆ ಕಿತ್ತುಹೋಗೋ ಹಾಗೆ ಅಳ್ತಿದ್ದವಳಿಗೆ ನಾನೇ ಇಟ್ಟ ಹೆಸರು, ಬೇರೆ ಹೇಗೆ ಕರೀಬೇಕು ಅಂತ ನನಗೆ ಗೊತ್ತಿಲ್ಲ.

ಅಮ್ಮ ಹೋದ ಮೇಲೆ ನಾವಿಬ್ಬರೂ ಮಾತು ಬಿಟ್ಟು ಆರು ವರ್ಷ ಆಯ್ತು. ನಿನ್ನ ಹಳೇ ನಂಬರಿಗೆ ಮಾಡಿದರೆ ಯಾರೋ ಬೇರೆಯವರು ಎತ್ತುತ್ತಾರೆ. ಮನೆ ಎಲ್ಲಿ ಅಂತ ತಿಳೀದು. ನೀನು ಕರಡು ತಿದ್ದೋ ಪ್ರೆಸ್ಸು ಮಾತ್ರ ಅಲ್ಲೇ ಇದೆ ಅಂತ ಗೊತ್ತಾಯ್ತು, ಅದಕ್ಕೆ ಈ ಕಾಗದವನ್ನ ಅಲ್ಲಿಗೇ ಹಾಕ್ತಿದ್ದೀನಿ.

ನಿನ್ನ ಕಾಯಿಲೆ ವಿಷಯ ನನಗೆ ಯಾರೂ ಹೇಳಲಿಲ್ಲ. ಕಳೆದ ಸಲ ಹಡಗಿನಲ್ಲಿದ್ದಾಗ, ಎಂಜಿನ್ ಕೋಣೆಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡೋನು ಒಬ್ಬ ಊಟದ ಹೊತ್ತಲ್ಲಿ ಮೊಬೈಲ್ ನೋಡ್ಕೊಂಡು ನಗ್ತಾ ಇದ್ದ. ಅವನ ತಾಯಿಗೂ ಡಯಾಲಿಸಿಸ್. ಯಾರೋ ಹೆಂಗಸು ಡಯಾಲಿಸಿಸ್ ಬಗ್ಗೆ ಬ್ಲಾಗ್ ಬರೀತಾರೆ, ಓದಿದರೆ ಕಾಯಿಲೆ ಬಂದವರಿಗೂ ನಗು ಬರುತ್ತೆ ಅಂತ ತೋರಿಸಿದ. "ನಮ್ಮಪ್ಪ ಒಂದು ಸಲ ಕೆಮ್ಮಿದರೆ ಬೀದಿ ನಾಯಿಗಳೂ ಎದ್ದು ನಿಲ್ಲುತ್ತಿದ್ದವು" ಅಂತ ಒಂದು ಸಾಲು ಇತ್ತು. ಹಾಗೆ ಕೆಮ್ಮೋ ಅಪ್ಪ ಲೋಕದಲ್ಲಿ ಇನ್ನೊಬ್ಬ ಇಲ್ಲ. ಊಟ ಅಲ್ಲೇ ಬಿಟ್ಟೆ. ಅವತ್ತೇ ಕೂತು ಮೊದಲಿನಿಂದ ಎಲ್ಲ ಓದಿದೆ.

ದಡಕ್ಕೆ ಬಂದ ಮೇಲೆ ನಿನ್ನ ಬ್ಲಾಗಿನ ಕೆಳಗೆ ಕಾಮೆಂಟ್ ಬರೆದೆ. ಹೆಸರು ಹಾಕಲಿಲ್ಲ, ಹತ್ತು ಜನ ಓದೋ ಕಡೆ ಯಾಕೆ ಅಂತ. ಆದರೆ ನಿನಗೆ ಗೊತ್ತಾಗೋ ಹಾಗೇ ಬರೆದಿದ್ದೆ. ಬರೆದು ಒತ್ತಿದ ಮರುಕ್ಷಣ ನನ್ನ ಮೊಬೈಲಲ್ಲಿ ಕಂಡಿತು, ಬೆಳಿಗ್ಗೆ ನೋಡಿದರೆ ಇಲ್ಲ. ನಾನೇ ಏನೋ ತಪ್ಪು ಒತ್ತಿರಬೇಕು ಅಂತ ಮತ್ತೆ ಬರೆದೆ. ಅದೂ ಹೋಯ್ತು. ಮೂರನೇದೂ ಹೋಯ್ತು. ಬಾಳೆಹಣ್ಣು ತಿನ್ನಬಹುದಾ ಅಂತ ಕೇಳಿದವರಿಗೆಲ್ಲ ಅರ್ಧರ್ಧ ಪುಟ ಉತ್ತರ ಬರೀತೀಯ. ನನ್ನದನ್ನ ಮಾತ್ರ ಅಳಿಸ್ತೀಯ.

ಅಂಥ ಮಾತನ್ನ ಮನುಷ್ಯ ಜೀವಮಾನದಲ್ಲಿ ಒಂದು ಸಲ ಹೇಳ್ತಾನೆ. ನಾನು ಮೂರು ಸಲ ಹೇಳಿದೆ. ಇಲ್ಲಿ ಮತ್ತೆ ಬರೆಯಲ್ಲ. ಬೇಡವಾದರೆ ಬೇಡ ಅಂತ ಹೇಳು, ಅಳಿಸೋದು ಉತ್ತರ ಅಲ್ಲ. ತಿಂಗಳ ಕೊನೆಗೆ ಮುಂದಿನ ಹಡಗಿಗೆ ಸಹಿ ಹಾಕಬೇಕು. ಹತ್ತಿದರೆ ಮತ್ತೆ ಬರೋದು ವರ್ಷದ ಕೊನೆಗೇ. ಅಷ್ಟರೊಳಗೆ ನಿನ್ನ ಮಾತು ಗೊತ್ತಾಗಬೇಕು.

ಅಣ್ಣ

*

ಮಾರ್ಚ್ 9

ಅಣ್ಣ,

ನಿನ್ನ ಕಾಗದ ಪ್ರೆಸ್ಸಿನವರು ಮೂರು ದಿನ ಮೇಜಿನ ಮೇಲೆ ಇಟ್ಟುಕೊಂಡು ನಿನ್ನೆ ತಲುಪಿಸಿದರು. ಈಗ ನಾನು ವಾರದಲ್ಲಿ ಎರಡೋ ಮೂರೋ ದಿನ ಮಾತ್ರ ಅಲ್ಲಿಗೆ ಹೋಗುತ್ತೇನೆ. ಮನೆ ವಿಳಾಸ ಮೇಲೆ ಬರೆದಿದ್ದೇನೆ. ಮತ್ತೆ ಬರೆಯುವುದಿದ್ದರೆ ಇಲ್ಲಿಗೇ ಬರಿ, ಅಲ್ಲಿ ಹತ್ತು ಕಣ್ಣು.

ಬರೆದದ್ದು ನೀನೇ ಅಂತ ಒಪ್ಪಿಕೊಂಡೆಯಲ್ಲ, ಅಷ್ಟು ಸಾಕು. ನನಗೆ ಮೊದಲೇ ಅನುಮಾನ ಇತ್ತು. ಹೆಸರು ಹಾಕದಿದ್ದರೇನು, ಓದಿದಾಗ ನಿನ್ನ ಧ್ವನಿಯೇ ಕಿವಿಯಲ್ಲಿ ಕೇಳಿಸಿತು. ಎರಡು ದಿನ ಅನ್ನ ಸೇರಲಿಲ್ಲ. ಇವರು ಏನಾಯಿತು ಅಂತ ಕೇಳಿ ಕೇಳಿ ಸೋತರು. ನಿನ್ನ ಭಾವನಿಗೆ ನಿನ್ನ ಮೇಲೆ ಇವತ್ತಿಗೂ ಅಭಿಮಾನ, ಅದನ್ನು ಯಾಕೆ ಕೆಡಿಸಲಿ ಅಂತ ಹೇಳಲಿಲ್ಲ. ಆಮೇಲೆ ಅಳಿಸಿದೆ. ಹೌದು, ನಾನೇ ಅಳಿಸಿದೆ. ಮೂರು ಸಲ ಬರೆದೆ ಅನ್ನುತ್ತೀಯ, ನಾನು ಕಂಡದ್ದು ಒಂದು. ಉಳಿದೆರಡು ಕಣ್ಣಿಗೆ ಬೀಳದಿದ್ದದ್ದೇ ಒಳ್ಳೆಯದಾಯಿತು.

ಕೇಳಿದ್ದಕ್ಕೆ ಉತ್ತರ: ಬೇಡ. ನಿನ್ನಿಂದ ಅಂಥದ್ದು ನನಗೆ ಬೇಡ. ನನ್ನ ದೇಹ, ನನ್ನ ಪಾಡು, ನಾನು ನೋಡಿಕೊಳ್ಳುತ್ತೇನೆ. ಚೆನ್ನಾಗಿಯೇ ಇದ್ದೇನೆ. ಡಯಾಲಿಸಿಸ್ ಸರಾಗ ನಡೆಯುತ್ತಿದೆ, ಕೈ ಗಟ್ಟಿಯಾಗಿದೆ, ನರ್ಸುಗಳು ನನ್ನನ್ನು ಕಂಡರೆ ನಗುತ್ತಾರೆ.

ಹಡಗು ಹತ್ತುವುದಕ್ಕೆ ನೀನು ಯಾವಾಗ ನನ್ನನ್ನು ಕೇಳಿದ್ದೆ? ಅಮ್ಮ ಉಸಿರಿಗೆ ಒದ್ದಾಡುವಾಗಲೂ ಯಾವುದೋ ಸಮುದ್ರದ ನಡುವೆ ಇದ್ದೆ. ಬಂದವನು ಮೊದಲು ಆಡಿದ ಮಾತು, ನಾನು ಬರುವ ತನಕ ಕಾಯಲಿಲ್ಲ, ಅಮ್ಮನ ಮುಖ ತೋರಿಸದೆ ಕಳಿಸಿಬಿಟ್ಟೆ ಅಂತ. ಎಷ್ಟು ದಿನ ಕಾಯಬೇಕಿತ್ತು ಅನ್ನುವುದನ್ನು ಇವತ್ತಿಗೂ ನೀನು ಹೇಳಿಲ್ಲ.

ಹೋಗಿ ಬಾ. ಅತ್ತಿಗೆಯನ್ನು ಕೇಳಿದೆ ಅಂತ ಹೇಳು.

ಇಂತಿ,
ನಿನ್ನ ತಂಗಿ

*

ಮಾರ್ಚ್ 16

ಪೀಪಿ,

ಕಾಗದ ಸಿಕ್ಕಿತು. ಬೇಡ ಅಂದೆಯಲ್ಲ, ಸರಿ. ಅದನ್ನೇ ಕೇಳಿದ್ದು, ಅದನ್ನೇ ಹೇಳಿದೆ.

ಒಂದು ಮಾತ್ರ ಅರ್ಥ ಆಗಲಿಲ್ಲ. ಬೇಡ ಅನ್ನೋದು ಒಂದು, ಅದನ್ನ ಓದಿ ಅನ್ನ ಸೇರದೇ ಹೋಗೋದು ಇನ್ನೊಂದು. ನನ್ನಿಂದ ಬರೋದು ಅಂದ್ರೆ ಅಷ್ಟು ಅಸಹ್ಯನಾ? ಹೊರಗಿನವರು ಯಾರಾದರೂ ಹೇಳಿದ್ದರೆ ಕೈ ಮುಗೀತಿದ್ದೆ. ಅಣ್ಣ ಹೇಳಿದ್ದಕ್ಕೆ ಅಳಿಸಿ ಹಾಕಿದೆ. ನಿನ್ನ ಕಾಗದವನ್ನ ಅತ್ತಿಗೆಗೂ ಓದೋಕೆ ಕೊಟ್ಟೆ. ಅವಳು ಓದಿ ಮಡಚಿ ಇಟ್ಟು, ಇನ್ನು ಆ ವಿಷಯ ಬಿಟ್ಟುಬಿಡಿ ಅಂದಳು. ಅವಳ ಮುಖದಲ್ಲಿ ಹಗುರ ಆದ ಹಾಗೆ ಕಂಡಿತು. ಅದಕ್ಕೆ ಕಾರಣ ಇದೆ, ನಿನಗೆ ಬೇಕಿಲ್ಲದ್ದು.

ಅಮ್ಮನ ವಿಷಯ ಎತ್ತಿದ್ದೀಯ. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ. ಹಡಗು ದಡ ಸೇರೋಕೆ ಎಷ್ಟು ಬೇಕೋ ಅಷ್ಟು ಅಂತ ಆವತ್ತು ಅನ್ನಿಸಿತ್ತು. ಈಗ ಅದನ್ನ ಮಾತಾಡಿ ಏನೂ ಉಪಯೋಗ ಇಲ್ಲ.

ಕಂಪನಿಯವರು ಫೋನ್ ಮಾಡಿದ್ದರು. ಫಿಟ್ಟರ್ ಒಬ್ಬ ಕೈಕೊಟ್ಟಿದ್ದಾನೆ, ಬೇಗ ಬರ್ತೀಯಾ ಅಂತ. ಬರ್ತೀನಿ ಅಂದೆ. ಮನೇಲಿ ಕೂತು ಏನು ಮಾಡಲಿ.

ನಿನ್ನ ಕಾಗದ ಬಂದ ದಿನ ತಡೆಯೋಕಾಗದೆ ಇನ್ನೊಂದು ಸಲ ನಿನ್ನ ಬ್ಲಾಗಿನಲ್ಲೇ ಬರೆದಿದ್ದೀನಿ. ಕಡೇ ಸಲ. ಓದಿದರೆ ಓದು, ಬಿಟ್ಟರೆ ಬಿಡು, ಅಳಿಸೋದಿದ್ದರೆ ಓದಿ ಅಳಿಸು.

ಅಣ್ಣ

*

ಮಾರ್ಚ್ 25

ಅಣ್ಣ,

ಈ ಕಾಗದ ನಿನಗೆ ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಸಿಕ್ಕ ಜಾಗದಲ್ಲೇ ನಿಂತು ಕೊನೆಯವರೆಗೆ ಓದು.

ನಿನ್ನ ಕಾಗದ ಬಂದ ಕೂಡಲೇ ಬ್ಲಾಗು ತೆಗೆದು ನೋಡಿದೆ. ನೀನು ಬರೆದೆ ಅಂದ ಕಾಮೆಂಟು ಅಲ್ಲಿ ಇರಲಿಲ್ಲ. ನಾನು ಅಳಿಸಿಯೂ ಇರಲಿಲ್ಲ. ಹೆದರಿಸುವುದಕ್ಕೆ ಸುಮ್ಮನೆ ಬರೆದಿದ್ದಾನೆ ಅಂದುಕೊಂಡೆ. ಮಾರನೆಯ ದಿನ ಡಯಾಲಿಸಿಸ್. ನನ್ನ ಪಕ್ಕದ ಹಾಸಿಗೆ ಒಬ್ಬ ಲೆಕ್ಕದ ಟೀಚರಮ್ಮನದು. ಸೂಜಿ ಚುಚ್ಚುವಾಗಲೂ ನಿಲ್ಲದ ಬಾಯಿ ಅವರದು, ಕೆಲವು ವಾರದಿಂದ ನನ್ನ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಅವತ್ತು ತಡೆಯಲಾರದೆ ಕೇಳಿದರು: "ನಾನು ನಿಮಗೇನು ಮಾಡಿದ್ದೆ? ನಿಮ್ಮ ಬ್ಲಾಗಿನಲ್ಲಿ ಏನು ಬರೆದರೂ ಕಿತ್ತುಹಾಕುತ್ತೀರಲ್ಲ?"

ಮೆಷಿನ್ನು ನನ್ನನ್ನು ಬಿಡುವುದಕ್ಕೆ ಇನ್ನೂ ಎರಡು ಗಂಟೆ ಇತ್ತು. ಆ ಎರಡು ಗಂಟೆ ಹೇಗೆ ಕಳೆದೆನೋ. ಏನಾಗಿದೆ ಅಂತ ಅಷ್ಟರಲ್ಲೇ ಹೊಳೆದಿತ್ತು.

ಕಳೆದ ವರ್ಷ ಬ್ಲಾಗಿಗೆ ದಲ್ಲಾಳಿಗಳ ಕಾಟ ಹತ್ತಿತು. 'ಕಿಡ್ನಿ ಬೇಕೇ? ಯಾವುದೇ ರಕ್ತದ ಗುಂಪು, ಕೂಡಲೇ ಕರೆ ಮಾಡಿ' ಅಂತ ದಿನಕ್ಕೆ ಹತ್ತಾರು ಕಾಮೆಂಟು. ಕಾಯಿಲೆಯವರು ಓದುವ ಜಾಗ, ಯಾರಾದರೂ ನಂಬಿ ಕೆಟ್ಟಾರು ಅಂತ ಸ್ಪ್ಯಾಮ್ ಫಿಲ್ಟರಿಗೆ ಕೆಲವು ಪದ ಕೊಟ್ಟೆ. ಕಿಡ್ನಿ, ರಕ್ತದ ಗುಂಪು, ಕರೆ ಮಾಡಿ, ಕೆಳಗೆ ಫೋನ್ ನಂಬರ್. ಇವು ಕಂಡರೆ ಸೀದಾ ಸ್ಪ್ಯಾಮಿಗೆ ತಳ್ಳು ಅಂತ. ತಳ್ಳಿದ್ದು ಮೂರು ವಾರ ಅಲ್ಲಿದ್ದು ತಾನಾಗಿ ಅಳಿಸಿಹೋಗುತ್ತದೆ. ದಲ್ಲಾಳಿಗಳು ನಿಂತರು, ನಾನು ಕೈ ತೊಳೆದುಕೊಂಡೆ. ಒಂದು ದಿನವೂ ಆ ಕಡೆ ಇಣುಕಿ ನೋಡಲಿಲ್ಲ. ಕಿಡ್ನಿ ಕಾಯಿಲೆಯ ಬ್ಲಾಗಿನಲ್ಲಿ ಕಿಡ್ನಿ ಅನ್ನುವ ಪದವನ್ನೇ ಬಾಗಿಲಲ್ಲಿ ತಡೆದು ನಿಲ್ಲಿಸಿದ ಜಾಣೆ ನಾನು.

ಮನೆಗೆ ಬಂದು ಚಪ್ಪಲಿ ಸಹ ಬಿಡದೆ ಕೂತೆ. ಒಳಗೆ ಏನೆಲ್ಲ ಬಿದ್ದಿತ್ತು ಗೊತ್ತಾ. ಕೂದಲಿನ ಎಣ್ಣೆ, ಲಾಟರಿ, ಗಂಡಸರ ಮಾತ್ರೆ. ಅದರ ನಡುವೆ ಟೀಚರಮ್ಮ ಕೇಳಿದ ಪ್ರಶ್ನೆಗಳು. ನನ್ನ ಹೆಂಡತಿ ನಿಮ್ಮ ಬರಹ ಓದಿ ತಿಂಗಳುಗಳ ಮೇಲೆ ನಕ್ಕಳು ಅಂತ ಬರೆದ ಒಬ್ಬರು. 'ಕೈ ಊದಿಕೊಂಡಿದೆ, ಆಸ್ಪತ್ರೆ ದೂರ, ಏನು ಮಾಡಲಿ ದಯವಿಟ್ಟು ಹೇಳಿ' ಅಂತ ಕೇಳಿದ ಇನ್ನೊಬ್ಬರು. ಅದು ಬಂದು ಎರಡು ವಾರ ಆಗಿತ್ತು. ಕೂಡಲೇ ಉತ್ತರ ಬರೆದೆ. ಆ ಕಡೆಯಿಂದ ಇನ್ನೂ ಏನೂ ಇಲ್ಲ.

ಆಮೇಲೆ ನಿನ್ನದು. ಮೊದಲಿನವು ಅಳಿಸಿಹೋಗಿದ್ದವು. ಕಡೆಯದು ಇತ್ತು. 'ಕಿಡ್ನಿ ಬೇಕೇ' ಅನ್ನುವ ಎರಡು ಜಾಹೀರಾತಿನ ನಡುವೆ. ನೀನು ಬರೆದದ್ದನ್ನು ನಿನಗೇ ಬರೆದು ತೋರಿಸುತ್ತೇನೆ, ನಾನು ಓದಿದ್ದೇನೆ ಅಂತ ನಿನಗೆ ಗೊತ್ತಾಗಲಿ:

'ಪೀಪಿ, ಬೇಡ ಅಂದೆ, ಆದರೂ ಇನ್ನೊಂದು ಸಲ. ನನ್ನ ರಕ್ತದ ಗುಂಪು ನಿನ್ನದೇ. ಎರಡು ಕಿಡ್ನಿಯೂ ಸರಿಯಾಗಿವೆ ಅಂತ ಡಾಕ್ಟರ್ ನೋಡಿ ಹೇಳಿದ್ದಾರೆ. ಒಂದು ನಿನಗೆ. ಅಮ್ಮನ ವಿಷಯ ಬೇರೆ, ಇದು ಬೇರೆ. ಇದಕ್ಕೆ ನೀನು ನನ್ನ ಜೊತೆ ಮಾತಾಡಲೇಬೇಕು ಅಂತ ಏನಿಲ್ಲ, ತಗೊಂಡು ಸುಮ್ಮನಿರು. ನಂಬರ್ ಕೆಳಗಿದೆ, ಕರೆ ಮಾಡು.'

ಅಣ್ಣ, ನಾನು ಬೇಡ ಅಂದದ್ದು ಇದನ್ನಲ್ಲ. 'ಒಬ್ಬ ಹಿತೈಷಿ' ಅಂತ ಒಬ್ಬರು ಬರೆದಿದ್ದರು, 'ಮಾಡಿದ್ದನ್ನು ಅನುಭವಿಸುತ್ತಿದ್ದೀರಿ, ಊರಿಗೆಲ್ಲ ಯಾಕೆ ಸಾರುತ್ತೀರಿ' ಅಂತ. ಅಮ್ಮ ಹೋದಾಗ ಜಗಳದ ಕೊನೆಗೆ ಬಾಗಿಲಲ್ಲಿ ನಿಂತು ನೀನೂ 'ಮಾಡಿದ್ದನ್ನು ಅನುಭವಿಸ್ತೀಯ' ಅಂದಿದ್ದೆ, ಅದಕ್ಕೆ ಇದನ್ನು ಬರೆದದ್ದು ನೀನೇ ಅಂದುಕೊಂಡೆ. ಅದರಲ್ಲಿ ಒಂದೂ ಕೆಟ್ಟ ಪದ ಇರಲಿಲ್ಲ, ಫಿಲ್ಟರು ಕೈಹಿಡಿದು ಒಳಗೆ ಕರೆತಂದು ಕೂರಿಸಿತ್ತು.

ಕೂಡಲೇ ನಿನ್ನ ನಂಬರಿಗೆ ಮಾಡಿದೆ. ಅತ್ತಿಗೆ ಎತ್ತಿದರು. ನೀನು ಹೊರಟಾಯಿತು, ಹಡಗು ಅವತ್ತೇ ಬೆಳಿಗ್ಗೆ ಬಿಟ್ಟಿತು, ಅವಸರದಲ್ಲಿ ಫೋನು ಮನೆಯಲ್ಲೇ ಉಳಿದಿದೆ ಅಂದರು. ನಾನು ಎಲ್ಲ ಹೇಳಿದೆ. ಅತ್ತಿಗೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಕೇಳಿದರು: "ಕೊಟ್ಟರೆ ಅವರು ಮತ್ತೆ ಎಂಜಿನ್ ಕೋಣೆಗೆ ಇಳಿಯೋ ಹಾಗಿಲ್ಲ ಅಂತ ಕಂಪನಿ ಡಾಕ್ಟರ್ ಹೇಳಿದ್ದಾರೆ. ಅದು ನಿನಗೆ ಗೊತ್ತಾ?"

ಗೊತ್ತಿರಲಿಲ್ಲ. ನಾಲ್ಕು ಸಲ ಬರೆದೆಯಲ್ಲ, ಒಂದು ಸಲವಾದರೂ ಅದನ್ನು ಬರೆದಿದ್ದೆಯಾ?

ಅದಕ್ಕೇ ಈಗ ತಿಳಿದು ಹೇಳುತ್ತಿದ್ದೇನೆ. ನೀನು ಹೇಳಿದ್ದೇ ನನಗೆ ಬೇಕಾದಷ್ಟಾಯಿತು. ನೀನು ಕೆಲಸ ಬಿಡುವುದು ಬೇಡ. ನನಗೆ ಅವಸರವಿಲ್ಲ, ಕಾಯುವವರ ಸಾಲಿನಲ್ಲಿ ನನ್ನ ಹೆಸರೂ ಇದೆ. ನಾನು ನಿನ್ನನ್ನು ದೂರ ತಳ್ಳಿದೆ ಅನ್ನುವ ನೋವು ಹೊತ್ತುಕೊಂಡು ನೀನು ಸಮುದ್ರದಲ್ಲಿ ಇರಬಾರದು, ಅಷ್ಟಕ್ಕೆ ಇಷ್ಟು ಬರೆದೆ. ಹಡಗಿಗೆ ಸುದ್ದಿ ಕಳಿಸುತ್ತೇನೆ ಅಂತ ಅತ್ತಿಗೆ ಹೇಳಿದ್ದಾರೆ. ಮುಂದಿನ ಬಂದರಿನ ಏಜೆಂಟರ ವಿಳಾಸವನ್ನೂ ಅವರೇ ಕೊಟ್ಟರು. ನನ್ನ ನಂಬರು ಕೆಳಗಿದೆ.

ಪೀಪಿ

*

ಏಪ್ರಿಲ್ 22

ಪೀಪಿ,

ನಿನ್ನ ಕಾಗದ ಇವತ್ತು ಸಿಕ್ಕಿತು. ಬಂದರಿನ ಆಫೀಸಿನಲ್ಲಿ ಬೇರೆಯವರ ಕಾಗದಗಳ ಜೊತೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ನೀನು ಹೇಳಿದ ಹಾಗೇ ನಿಂತೇ ಓದಿದೆ. ಆಮೇಲೆ ಕೂರಬೇಕಾಯ್ತು.

ಅಂದರೆ ಒಂದು ತಿಂಗಳು, ಹಗಲೂ ರಾತ್ರಿ ಎಂಜಿನ್ ಪಕ್ಕ ನಿಂತು, ನನ್ನದು ನಿನಗೆ ಅಸಹ್ಯ ಅಂದುಕೊಂಡೇ ಕೆಲಸ ಮಾಡಿದೆ. ಅತ್ತಿಗೆಯಿಂದ ಹಡಗಿಗೆ ಯಾವ ಸುದ್ದಿಯೂ ಬರಲಿಲ್ಲ. ಬಂದರಿನಿಂದ ಫೋನ್ ಮಾಡಿ ಕೇಳಿದೆ. ಮೊದಲು ಮರೆತೆ ಅಂದಳು. ಆಮೇಲೆ ಅತ್ತಳು. ಕಳಿಸಬೇಕು ಅಂತ ದಿನಾ ಬೆಳಿಗ್ಗೆ ಅಂದುಕೊಂಡು ದಿನಾ ಸಂಜೆ ಬಿಡ್ತಿದ್ದಳಂತೆ. ಇಪ್ಪತ್ತು ವರ್ಷದಿಂದ ನಾನು ಹಡಗಿನಲ್ಲಿ ಏನಾಗ್ತೀನೋ ಅಂತ ಹೆದರಿಕೊಂಡೇ ಇದ್ದಾಳೆ, ಈಗ ದಡದಲ್ಲಿ ಏನಾಗ್ತೀನೋ ಅಂತ. ನಾನು ಬೈದಿದ್ದೀನಿ, ನೀನು ಬೈಯಬೇಡ. ಏಜೆಂಟರ ವಿಳಾಸ ಕೊಟ್ಟವಳೂ ಅವಳೇ.

ಅವಳ ಸುಳ್ಳು ಇರಲಿ, ನಿನ್ನದಕ್ಕೆ ಬರ್ತೀನಿ.

ಮೊದಲು ಬಂದರಿನ ಆಫೀಸಿನ ಕಂಪ್ಯೂಟರಿನಲ್ಲಿ ಬ್ಲಾಗು ನೋಡಿದೆ. ನನ್ನ ಕಾಮೆಂಟನ್ನ ಸ್ಪ್ಯಾಮಿನಿಂದ ತೆಗೆದು ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದೀಯ. ಕೆಳಗೆ 'ಇದು ನನ್ನ ಅಣ್ಣ' ಅಂತ ಬರೆದಿದ್ದೀಯ. ಸರಿ. ಆದರೆ ಅದಾದ ಮೇಲೆ ಒಂದು ಬರಹವೂ ಇಲ್ಲ. ಏಪ್ರಿಲ್ ಪೂರ್ತಿ ಖಾಲಿ. ಓದೋರು ಹುಷಾರಾಗಿದ್ದೀರಾ ಅಂತ ಕೇಳ್ತಾನೇ ಇದ್ದಾರೆ, ಒಬ್ಬರಿಗೂ ನಿನ್ನ ಉತ್ತರ ಇಲ್ಲ. ಬಾಳೆಹಣ್ಣಿಗೂ ಉತ್ತರ ಇಲ್ಲ.

ಆಮೇಲೆ ನಿನ್ನ ನಂಬರಿಗೆ ಮಾಡಿದೆ. ಭಾವ ಎತ್ತಿದರು. ಮಲಗಿದ್ದಾಳೆ, ಚೆನ್ನಾಗಿದ್ದಾಳೆ, ಮನೇಲೇ ಇದ್ದೀವಿ ಅಂದರು. ಅವರ ಹಿಂದೆ ಒಂದು ಅಲಾರಂ ಹೊಡೀತಿತ್ತು. ನಾನು ಅಲಾರಂ ಕೇಳ್ಕೊಂಡೇ ಅನ್ನ ತಿನ್ನೋನು. ಅದು ಮನೆಯಲ್ಲಿರೋ ಸದ್ದಲ್ಲ. ಭಾವ ಒಳ್ಳೆಯವರು, ಸುಳ್ಳು ಹೇಳೋಕೆ ಬರಲ್ಲ, ಮಾತು ಮುಗಿಸೋ ಮೊದಲೇ ಇಟ್ಟುಬಿಟ್ಟರು.

ಬೇಡ ಅನ್ನೋ ಅಧಿಕಾರ ನಿನಗಿದೆ. ಚೆನ್ನಾಗಿದ್ದೀನಿ ಅಂತ ನನಗೆ ಸುಳ್ಳು ಹೇಳೋ ಅಧಿಕಾರ ಇಲ್ಲ. ಕೈ ಹೇಗಿದೆ? ಆಸ್ಪತ್ರೆಯಲ್ಲಿ ಎಷ್ಟು ದಿನದಿಂದ ಇದ್ದೀಯ? ಡಾಕ್ಟರ್ ಏನಂದಿದ್ದಾರೆ? ಇದ್ದದ್ದು ಇದ್ದ ಹಾಗೆ ಬರಿ. ಇಲ್ಲಿಂದ ಮುಂದಿನ ಬಂದರಿಗೆ ಎರಡು ವಾರ. ಅಲ್ಲಿಗೆ ಬದಲಿ ಫಿಟ್ಟರ್ ಬೇಕು ಅಂತ ಕ್ಯಾಪ್ಟನ್‌ಗೆ ಹೇಳಿದ್ದೀನಿ. ಸಿಟ್ಟಾಗಿದ್ದಾರೆ. ಸಿಕ್ಕರೆ ನೋಡೋಣ ಅಂದಿದ್ದಾರೆ. ವಿಳಾಸ ಹಿಂದೆ ಬರೆದಿದ್ದೀನಿ, ಕೊರಿಯರಿನಲ್ಲಿ ಕಳಿಸು. ನಿನ್ನ ಕಾಗದ ನೋಡಿದ ಮೇಲೆ ಇಳಿಯೋದೋ ಬಿಡೋದೋ.

ಅಣ್ಣ

*

ಏಪ್ರಿಲ್ 30

ಅಣ್ಣ,

ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಎದೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಿದ್ದೇನೆ. ಇವರು ನಾನು ಬರೆದುಕೊಡುತ್ತೇನೆ ಅಂದರು. ನನ್ನ ಅಣ್ಣನಿಗೆ ನಾನೇ ಬರೆಯಬೇಕು ಅಂದೆ.

ಇದ್ದದ್ದು ಇದ್ದ ಹಾಗೆ ಕೇಳಿದ್ದೀಯ. ಡಯಾಲಿಸಿಸ್ ಸೂಜಿಗೆ ಅಂತ ನನ್ನ ಎಡಗೈಯಲ್ಲಿ ರಕ್ತನಾಳ ಜೋಡಿಸಿ ಒಂದು ಜಾಗ ಮಾಡಿದ್ದರು. ನಿನಗೆ ಮೊದಲ ಕಾಗದ ಬರೆಯುವ ಹಿಂದಿನ ದಿನ ಅದು ಹೆಪ್ಪುಗಟ್ಟಿ ನಿಂತುಹೋಯಿತು. ಬಲಗೈಯದು ಎರಡು ವರ್ಷದ ಹಿಂದೆಯೇ ಹೋಗಿತ್ತು. ಕೈ ಗಟ್ಟಿಯಾಗಿದೆ ಅಂತ ನಾನು ಬರೆದದ್ದು ಬ್ಯಾಂಡೇಜು ಸುತ್ತಿದ ಕೈ ಪಕ್ಕದಲ್ಲಿಟ್ಟುಕೊಂಡು. ಆಮೇಲೆ ಕುತ್ತಿಗೆಗೆ ನಳಿಕೆ ಹಾಕಿದರು. ಏಪ್ರಿಲ್ ಮೊದಲ ವಾರ ಅದಕ್ಕೆ ಸೋಂಕು ತಗುಲಿತು. ಜ್ವರ, ನಡುಕ, ನಾಲ್ಕು ದಿನ ಯಾರು ಬಂದರು ಹೋದರು ಗೊತ್ತಾಗಲಿಲ್ಲ. ಅಂದಿನಿಂದ ಇಲ್ಲೇ ಇದ್ದೇನೆ. ಇನ್ನೊಂದು ಕಡೆ ನಳಿಕೆ ಹಾಕಿದ್ದಾರೆ. ಡಾಕ್ಟರಮ್ಮ ನೇರ ಮಾತಿನವರು. ನಳಿಕೆ ಹಾಕುವ ಜಾಗಗಳು ಮುಗಿಯುತ್ತಾ ಬಂದಿವೆ, ಇನ್ನೊಂದು ಸೋಂಕು ಬಂದರೆ ಕಷ್ಟ ಅಂದರು. ಕಾಯುವವರ ಸಾಲು ಬಹಳ ಉದ್ದ, ಅಷ್ಟು ದಿನ ನನ್ನ ಬಳಿ ಇಲ್ಲ. ಇವರು ತಮ್ಮದು ಕೊಡುತ್ತೇನೆ ಅಂತ ಮೊದಲೇ ಹೋಗಿದ್ದರು, ಸಕ್ಕರೆ ಕಾಯಿಲೆ ಇದೆ ಅಂತ ವಾಪಸು ಕಳಿಸಿದರು.

ಇದನ್ನೆಲ್ಲ ಮುಚ್ಚಿಟ್ಟದ್ದು ಯಾಕೆ ಅಂದರೆ, ಹೇಳಿದರೆ ಅದು ಕೇಳಿದ ಹಾಗೆ ಆಗುತ್ತಿತ್ತು. ಕೊಡು ಅಂತ ಕೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. ಅತ್ತಿಗೆ ಕೇಳಿದ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ಎಂಜಿನ್ನಿನ ಹೊರತು ಬೇರೆ ಏನನ್ನೂ ನೀನು ಪ್ರೀತಿಯಿಂದ ಮುಟ್ಟಿದ್ದನ್ನು ನಾನು ನೋಡಿಲ್ಲ. ಹತ್ತು ವರ್ಷದವನಿದ್ದಾಗ ಅಮ್ಮನ ಹೊಲಿಗೆ ಯಂತ್ರ ಬಿಚ್ಚಿ ಹಾಕಿ ಪೆಟ್ಟು ತಿಂದವನು. ಆ ಕೆಲಸ ಬಿಡಿಸಿ ನಾನು ಬದುಕಿದರೆ ನಿನ್ನ ಮುಖ ಹೇಗೆ ನೋಡಲಿ ಅಂತ ತಿಂಗಳಿಡೀ ಯೋಚಿಸಿದೆ.

ಆದರೆ ಜ್ವರದ ಆ ನಡುಕ ಬಂದಾಗ ಈ ಯೋಚನೆ ಯಾವುದೂ ಇರಲಿಲ್ಲ ಅಣ್ಣ. ಬದುಕಬೇಕು ಅಂತ ಒಂದೇ ಇತ್ತು. ಅದು ನಾಚಿಕೆಗೆಟ್ಟ ಆಸೆ, ಆದರೆ ನಿಜ.

ಅದಕ್ಕೆ ಕೇಳುತ್ತಿದ್ದೇನೆ. ಬಾ. ಈ ಸಲ ನೀನು ಬರುವ ತನಕ ಕಾಯುತ್ತೇನೆ, ನನ್ನ ಕೈಯಲ್ಲಿ ಆಗುವಷ್ಟು.

ಪೀಪಿ

*

ಜೂನ್ 27

ಪೀಪಿ,

ಒಂದೇ ಆಸ್ಪತ್ರೆ, ಒಂದೇ ಮಹಡಿ, ಆದರೂ ಕಾಗದ ಬರೀತಿದ್ದೀನಿ. ನೀನಿರೋ ಕಡೆ ಇವತ್ತು ಯಾರನ್ನೂ ಬಿಡಲ್ಲ ಅಂದರು. ಫೋನಿನಲ್ಲಿ ಮಾತಾಡೋಣ ಅಂದ್ರೆ ನಿನ್ನ ಧ್ವನಿ ಕೇಳಿದ ಕೂಡಲೇ ಹೇಳಬೇಕಾದ್ದೆಲ್ಲ ಬಿಟ್ಟು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡ್ತೀನಿ. ನರ್ಸ್ ತಲುಪಿಸ್ತೀನಿ ಅಂದಿದ್ದಾರೆ.

ನಾಳೆ ಬೆಳಿಗ್ಗೆ. ಕಡೇ ಪರೀಕ್ಷೆಯ ಫಲಿತಾಂಶ ಮಧ್ಯಾಹ್ನ ಬಂತು, ಹೊಂದಾಣಿಕೆ ಸರಿಯಾಗಿದೆ. ನಿನಗೂ ಹೇಳಿರ್ತಾರೆ. ಹೋದ ವಾರ ನನ್ನ ರಕ್ತದಲ್ಲಿ ಏನೋ ಅನುಮಾನ ಬಂದು ಮತ್ತೆ ತೆಗೆದಿದ್ದರಲ್ಲ, ಆ ವಾರ ನಾನು ನಿನ್ನ ಕೋಣೆಗೆ ಬರದೆ ತಪ್ಪಿಸ್ಕೊಂಡಿದ್ದು ಅದಕ್ಕೇ. ಇಷ್ಟು ದೂರ ಬಂದು ಕೈಯಲ್ಲಾಗಲ್ಲ ಅನ್ನೋ ಮುಖ ತೋರಿಸೋಕೆ ಧೈರ್ಯ ಇರಲಿಲ್ಲ. ನೀನು ನನ್ನ ಮನಸ್ಸು ತಿರುಗಿತು ಅಂದುಕೊಂಡೆಯಂತೆ. ಭಾವ ಹೇಳಿದರು. ನಾವಿಬ್ಬರೂ ಯಾವತ್ತು ಒಂದು ವಿಷಯನ ನೆಟ್ಟಗೆ ಅರ್ಥ ಮಾಡ್ಕೊಂಡಿದ್ದೀವಿ ಹೇಳು.

ಕೆಲಸದ ಬಗ್ಗೆ ಇನ್ನು ಕೇಳಬೇಡ. ಕಂಪನಿಗೆ ಹೇಳಿ ಆಯ್ತು. ಹಡಗು ಇಳಿಯೋ ದಿನ ಎಂಜಿನ್ ಮೇಲೆ ಒಂದು ಸಲ ಕೈ ಇಟ್ಟೆ, ಸುಟ್ಟಿತು, ತೆಗೆದೆ. ಅಷ್ಟೇ. ದುಃಖ ಇಲ್ಲ ಅಂತ ಹೇಳಲ್ಲ. ಇದೆ. ಅದು ನನ್ನದು, ನೀನು ಹೊರಬೇಕಾಗಿಲ್ಲ. ಪಂಪ್ ರಿಪೇರಿ ಅಂಗಡಿಯವರೊಬ್ಬರು ಬಾ ಅಂದಿದ್ದಾರೆ. ಪಂಪೂ ಎಂಜಿನ್ನಿನ ತಮ್ಮನೇ.

ನಿನ್ನ ಅತ್ತಿಗೆ ಪಕ್ಕದಲ್ಲಿ ಕೂತಿದ್ದಾಳೆ. ಬಂದಾಗಿನಿಂದ ನಿನ್ನ ಕೋಣೆ ಬಾಗಿಲವರೆಗೆ ಹೋಗಿ ವಾಪಸು ಬರ್ತಾಳೆ. ಏನು ಮಾತಾಡಲಿ ಅಂತಾಳೆ. ನಾನು ಒತ್ತಾಯ ಮಾಡಿಲ್ಲ.

ಹೆದರಿಕೆ ಇದೆ. ಅರಿವಳಿಕೆ ಡಾಕ್ಟರ್ ಬಂದು ಹೆದರಬೇಡಿ ಅಂದ ಮೇಲೆ ಜಾಸ್ತಿ ಆಯ್ತು. ನಿನಗೂ ಇರುತ್ತೆ. ಇರಲಿ.

ಅಣ್ಣ

*

ಜುಲೈ 1

ಅಣ್ಣ,

ಫೋನಿನಲ್ಲಾದರೆ ನೀನು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೀಯ, ಅದಕ್ಕೆ ನಾನೂ ಕಾಗದದಲ್ಲೇ ಬರೆಯುತ್ತಿದ್ದೇನೆ. ನಿನಗೆ ನೋವು ಜಾಸ್ತಿ, ಮಗ್ಗುಲು ತಿರುಗಿಸಿದರೆ ನರ್ಸುಗಳ ಮೇಲೆ ಗುರ್ ಅನ್ನುತ್ತೀಯಂತೆ. ಕೊಟ್ಟವರಿಗೇ ನೋವು ಹೆಚ್ಚು, ತೆಗೆದುಕೊಂಡವರಿಗೆ ಕಡಿಮೆ ಅಂತ ಡಾಕ್ಟರಮ್ಮ ಹೇಳಿದರು. ಕೇಳಿ ನನಗೆ ಬೇಜಾರಾಯಿತು, ಆದರೆ ನಿಜವಾಗಿಯೂ ನನಗೆ ಅಷ್ಟು ನೋವಿಲ್ಲ.

ನಿನಗೆ ಸುದ್ದಿ ಮುಟ್ಟಿರಬಹುದು, ಆದರೂ ನಾನೇ ಹೇಳಬೇಕು. ಆಪರೇಷನ್ ಮೇಜಿನ ಮೇಲೆಯೇ ನಿನ್ನದು ಕೆಲಸ ಶುರು ಮಾಡಿತಂತೆ. ರಕ್ತ ಹರಿಯಲು ಬಿಟ್ಟ ಕೂಡಲೇ ಬಣ್ಣ ತಿರುಗಿ ಮೂತ್ರ ಬಂತಂತೆ. ಡಾಕ್ಟರಮ್ಮ ಇದನ್ನು ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಮೂತ್ರದ ಬಗ್ಗೆ ಇಷ್ಟು ಜನ ಸೇರಿ ಇಷ್ಟು ಖುಷಿಪಟ್ಟದ್ದನ್ನು ನಾನು ಎಲ್ಲೂ ಕಂಡಿಲ್ಲ. ಹಾಸಿಗೆ ಪಕ್ಕ ತೂಗುಹಾಕಿದ ಚೀಲವನ್ನು ಇವರು ಗಂಟೆಗೊಮ್ಮೆ ಬಗ್ಗಿ ನೋಡಿ, ಹಾಲು ಕರೆಯುವ ಹಸು ಬಂದ ಮನೆಯವರ ಹಾಗೆ ಓಡಾಡುತ್ತಿದ್ದಾರೆ.

ಇವತ್ತು ಬೆಳಿಗ್ಗೆ ಅತ್ತಿಗೆ ಬಂದರು. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ, ಕಣ್ಣು ಮಾತ್ರ ಕಾಣುತ್ತಿತ್ತು. ಬಂದು ಸ್ಟೂಲಿನ ಮೇಲೆ ಕೂತರು. ಅಷ್ಟರಲ್ಲಿ ಡಾಕ್ಟರಮ್ಮ ಬಂದು ಚೀಟಿ ನೋಡಿ, ನೀರು ಸಾಲದು, ಇನ್ನೂ ಕುಡಿಯಬೇಕು, ಎಷ್ಟು ಆಗುತ್ತೋ ಅಷ್ಟು ಅಂತ ಹೇಳಿ ಹೋದರು. ಅಣ್ಣ, ಕುಡಿದದ್ದು ಹೊರಗೆ ಹೋಗುವ ದಾರಿಯಿಲ್ಲದೆ ಐದು ವರ್ಷದಿಂದ ನಾನು ದಿನಕ್ಕೆ ಎರಡು ಲೋಟದ ಮೇಲೆ ನೀರು ಕುಡಿದವಳಲ್ಲ. ಬಾಯಿ ಒಣಗಿದರೆ ಐಸಿನ ತುಂಡು ಚೀಪಿ ಉಗುಳುತ್ತಿದ್ದೆ. ನರ್ಸ್ ತುಂಬಿದ ಲೋಟ ಕೈಗೆ ಕೊಟ್ಟಾಗ ಎತ್ತುವುದಕ್ಕೇ ಆಗಲಿಲ್ಲ. ಇದನ್ನು ಕುಡಿದರೆ ಉಸಿರು ಕಟ್ಟುತ್ತದೆ, ಕಾಲು ಊದುತ್ತದೆ ಅಂತ ಒಳಗಿನಿಂದ ಯಾರೋ ಕೈ ಹಿಡಿದುಕೊಂಡ ಹಾಗೆ. ಲೋಟ ವಾಲಿ ಹೊದಿಕೆಯ ಮೇಲೆ ಚೆಲ್ಲಿತು.

ಅತ್ತಿಗೆ ಎದ್ದು ಬಂದು ಲೋಟದ ಅಡಿಗೆ ಕೈ ಕೊಟ್ಟರು.

"ಕುಡಿ," ಅಂದರು. "ಅವರದು ಒಳಗಿದೆ. ಒಣಗಿಸಬೇಡ."

ಕುಡಿದೆ. ಪೂರ್ತಿ ಕುಡಿದೆ. ಅವರು ಇನ್ನೊಂದು ಲೋಟ ತುಂಬಿದರು.

ಪೀಪಿ